ಬೀಗಿತ್ತಿಯ ಕಾರಿನ ಹಳದಿ ದೀಪ

ಕಿವಿ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಯಾರಿಗೂ ವಿವರ ಹೇಳಬೇಕಾಗಿರಲಿಲ್ಲ. ಕಾರು ಇನ್ನೂ ತಿರುವಿನಲ್ಲಿರುವಾಗಲೇ, ಕೈಯಲ್ಲಿದ್ದ ಸ್ಪ್ಯಾನರ್ ಕೂಡ ಕೆಳಗಿಡದೆ, ಇದರ ನೀರಿನ ಪಂಪು ಹೋಗಿದೆ ಎಂದು ಹೇಳಿಬಿಡುತ್ತಿದ್ದ ಆಸಾಮಿ ಅವನು. ಬಾನೆಟ್ ಎತ್ತಿ ನೋಡಿದರೆ ಪಂಪೇ ಹೋಗಿರುತ್ತಿತ್ತು. ಸ್ವಲ್ಪ ಅನುಮಾನವಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗಿರಾಕಿಗಳು ಡಾಕ್ಟರ ಮುಂದೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬೇಕಾದುದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ಕಣ್ಣು ಮುಚ್ಚಿರುತ್ತಿದ್ದ. ಸುಮ್ಮನೆ ಹೇಳಬಾರದು, ಜಂಭವೂ ಇತ್ತು, ಜಂಭಕ್ಕೆ ತಕ್ಕ ಕೆಲಸವೂ ಇತ್ತು.

ರಸ್ತೆಯ ಆಚೆ ಬದಿಯಲ್ಲಿ ಹೊಸ ಗ್ಯಾರೇಜು ಬಂತು. ಅಲ್ಲಿ ಎಂಜಿನ್ನಿನ ಒಳಗೆ ಹೊಗೆ ಬಿಟ್ಟು, ಅದು ಎಲ್ಲಿಂದ ಹೊರಗೆ ಬರುತ್ತದೆಂದು ನೋಡಿ ಸೋರಿಕೆ ಹಿಡಿಯುವ ಯಂತ್ರವಿತ್ತು. ಕಿವಿ ಇಲ್ಲದವರಿಗೆ ಹೊಗೆ ಬೇಕಪ್ಪ, ಎಂದು ಮೇಸ್ತ್ರಿ ಬಂದವರೆದುರು ಆಡಿಕೊಂಡು ನಗುತ್ತಿದ್ದ. ಹಾಗೆ ನಗುವ ಹೊತ್ತಿಗೆ ಅವನ ಕಿವಿಯೇ ಅವನಿಗೆ ಕೈಕೊಡತೊಡಗಿತ್ತು. ದಪ್ಪ ಸದ್ದುಗಳೆಲ್ಲ ಕೇಳುತ್ತಿದ್ದವು. ತೆಳ್ಳನೆಯವು, ಚೂಪಾದವು ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. ಕುಕ್ಕರಿನ ಸೀಟಿ ಈಚೆಗೆ ಮೆತ್ತಗಾಗಿದೆ ಎಂದುಕೊಂಡ. ಜನ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾರೆ ಎಂದು ಬೈದುಕೊಂಡ. ಸ್ಕ್ರೂಡ್ರೈವರನ್ನು ಮೂಳೆಗೆ ಒತ್ತಿದರೆ ಬೇರಿಂಗಿನ ಸದ್ದು ಮೊದಲಿನಂತೆಯೇ ತಲೆಯೊಳಗೆ ಗುಂಯ್‌ಗುಡುತ್ತಿತ್ತಲ್ಲ, ಅದೇ ಅವನಿಗೆ ಧೈರ್ಯ. ಗಾಳಿಯಲ್ಲಷ್ಟೇ ಇರುವ ಸದ್ದನ್ನು ಯಾವ ಸ್ಕ್ರೂಡ್ರೈವರೂ ತಂದುಕೊಡುವುದಿಲ್ಲ ಎಂಬುದು ಅವನಿಗೆ ತಿಳಿಯದ ಸಂಗತಿಯೇನಲ್ಲ. ತಿಳಿದುಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ಇಂಥವನ ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ಕಾರಿತ್ತು. ಅಳಿಯನದಲ್ಲ, ಅಳಿಯನ ತಾಯಿಯದು. ಬೀಗಿತ್ತಿ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಗಂಡ ಇರುವ ತನಕ ಆಕೆ ಆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರೇ ಹೊರತು ಸ್ಟೀರಿಂಗ್ ಮುಟ್ಟಿದವರಲ್ಲ. ಅವರು ತೀರಿಕೊಂಡ ಮೇಲೆ ಕಾರು ಮಾರೋಣ ಎಂದ ಮಗನಿಗೆ, ಬೇಡ, ನಾನೇ ಕಲೀತೀನಿ ಎಂದುಬಿಟ್ಟರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು. ಮೊದಲ ಪರೀಕ್ಷೆಯಲ್ಲಿ ಫೇಲಾದರು. ಅಕ್ಕಪಕ್ಕದವರು ನಕ್ಕರು. ಎರಡನೆಯದರಲ್ಲಿ ಪಾಸಾದರು. ಊರಿನ ಇನ್ನೊಂದು ತುದಿಯಲ್ಲಿ ಆಕೆಯ ಅಕ್ಕ ಒಂದು ಬದಿ ಸ್ವಾಧೀನ ತಪ್ಪಿ ಮಲಗಿದ್ದರು. ಬಸ್ಸಿನಲ್ಲಿ ಹೋದರೆ ಹತ್ತಿ ಇಳಿದು ಮತ್ತೆ ಹತ್ತಿ ಅರ್ಧ ದಿನ ದಾರಿಯಲ್ಲೇ ಕಳೆಯುತ್ತಿತ್ತು. ಕಾರು ಕಲಿತ ಮೇಲೆ ಬೇಕೆನಿಸಿದಾಗ ಹೋಗಿ, ಅಕ್ಕನ ಮೈ ತೊಳೆಸಿ, ತಲೆ ಬಾಚಿ, ಹಳೆಯ ಮಾತೆಲ್ಲ ಆಡಿ ಬರುತ್ತಿದ್ದರು. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಮನೆಯಿಂದ ಹೊರಡುವುದು ಆಕೆಗೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು.

ಆ ಕಾರಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಎಂಜಿನ್ನಿನ ಚಿತ್ರವಿರುವ, ಏನೋ ಸರಿಯಿಲ್ಲ ಎಂದಷ್ಟೇ ಹೇಳಿ ಏನು ಸರಿಯಿಲ್ಲ ಎಂದು ಹೇಳದ ದೀಪ. ಬೀಗಿತ್ತಿ ನೇರ ಮೇಸ್ತ್ರಿಯ ಗ್ಯಾರೇಜಿಗೆ ತಂದರು. ಮೇಸ್ತ್ರಿ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಚುಚ್ಚಿ ನೋಡಿದ. ಎಂಜಿನ್ನಿಗೆ ಗಾಳಿ ಹೆಚ್ಚಾಗುತ್ತಿದೆ, ಪೆಟ್ರೋಲು ಅದಕ್ಕೆ ಸಾಲುತ್ತಿಲ್ಲ ಎಂದು ಅದು ಹೇಳಿತು. ಇಷ್ಟೇನಾ ಎಂದು ಏರ್ ಫಿಲ್ಟರ್ ಬದಲಿಸಿ, ದೀಪ ಅಳಿಸಿ ಕಳಿಸಿದ. ಮರುವಾರ ದೀಪ ಮತ್ತೆ ಬಂತು. ಸೆನ್ಸರ್ ಬದಲಿಸಿದ. ಮತ್ತೆ ಬಂತು. ಪ್ಲಗ್ಗು, ಪೆಟ್ರೋಲ್ ಪಂಪು, ಇನ್ನೊಂದು ಸೆನ್ಸರ್. ಸ್ಕ್ರೂಡ್ರೈವರ್ ಹಿಡಿದು ಎಂಜಿನ್ನಿನ ಮೈಯನ್ನೆಲ್ಲ ತಡಕಿದ. ಎಲ್ಲ ಸರಿಯಾಗಿಯೇ ಕೇಳಿಸಿತು. ದೀಪ ಮಾತ್ರ ನಾಚಿಕೆಯಿಲ್ಲದ ನೆಂಟನ ಹಾಗೆ ಕಳಿಸಿದಷ್ಟೂ ಬರುತ್ತಿತ್ತು. ಕೊನೆಕೊನೆಗೆ ಮೇಸ್ತ್ರಿ ಬಾನೆಟ್ಟನ್ನೂ ಎತ್ತದೆ ದೀಪವನ್ನಷ್ಟೇ ಅಳಿಸಿ, ಈಗ ನೋಡಿ, ಎಂದು ಕೀ ಕೊಡತೊಡಗಿದ. ಇನ್ನು ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ ಎಂದು ಗೊತ್ತಿದ್ದೂ ನಗುನಗುತ್ತಾ ಕೊಟ್ಟ. ಬೀಗಿತ್ತಿ ಪ್ರತಿ ಸಲವೂ ಕೈಮುಗಿದು ಹೋದರು. ಹಾಗೆ ಕೈಮುಗಿದದ್ದು ಅವನನ್ನು ಚುಚ್ಚದೆ ಇರಲಿಲ್ಲ. ಆದರೂ ನನಗೆ ಸಿಕ್ಕುತ್ತಿಲ್ಲ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ.

ಒಂದು ಭಾನುವಾರ ಮೇಸ್ತ್ರಿ, ಅವನ ಹೆಂಡತಿ ಇಬ್ಬರೂ ಮಗಳ ಮನೆಗೆ ಊಟಕ್ಕೆ ಹೋಗಿದ್ದರು. ಮೇಜಿನ ಮೇಲೆ ತಟ್ಟೆ ಹಾಕಿ ಎಲ್ಲರೂ ಕೂತಿದ್ದಾಗ ಅಳಿಯ, ಒಳ್ಳೆಯ ಹುಡುಗ, ಯಾವ ಕೊಂಕೂ ಇಲ್ಲದೆ ಕೇಳಿದ, “ಮಾವ, ಅಮ್ಮನ ಕಾರನ್ನ ಒಂದ್ಸಲ ಆ ಎದುರುಗಡೆ ಗ್ಯಾರೇಜಲ್ಲೂ ತೋರಿಸೋಣ್ವಾ?”

ಮೇಸ್ತ್ರಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಮಗಳ ಮುಂದೆ, ಹೆಂಡತಿಯ ಮುಂದೆ, ಬೀಗಿತ್ತಿಯ ಮುಂದೆ ಆ ಹೊಗೆ ಗ್ಯಾರೇಜಿನ ಹೆಸರು! ನಾಳೆ ಅವರು ಕಂಡುಹಿಡಿದರೆ? ಕಿವಿ ಮೇಸ್ತ್ರಿಯ ಬೀಗರ ಕಾರನ್ನು ನಾವು ರಿಪೇರಿ ಮಾಡಿದೆವು ಎಂದು ಬೀದಿಗೆಲ್ಲ ಸಾರಿದರೆ? ಮಗಳಿಗೆ ಅತ್ತೆಯ ಮನೆಯಲ್ಲಿ ಯಾವ ಮುಖ? ಇದೆಲ್ಲ ತಲೆಯೊಳಗೆ ಓಡುತ್ತಿರುವಾಗಲೇ ನಾಲಿಗೆ ಅವನಿಗಿಂತ ಮೊದಲು ಎದ್ದು ನಿಂತಿತು.

“ಕಾರಲ್ಲಿ ಏನೂ ತೊಂದರೆ ಇಲ್ಲಪ್ಪ. ಓಡಿಸೋದ್ರಲ್ಲಿದೆ. ಬೀಗರು ಎಡಗಾಲು ಕ್ಲಚ್ ಮೇಲೇ ಇಟ್ಕೊಂಡಿರ್ತಾರೆ, ಬಲಗಾಲಲ್ಲಿ ಬೇಕಾಬಿಟ್ಟಿ ಒತ್ತುತ್ತಾರೆ. ಎಂಜಿನ್ ಪಾಪ ಏನು ಮಾಡುತ್ತೆ? ಹೇಳಬಾರದು ಅಂತ ಸುಮ್ನಿದ್ದೆ. ವಯಸ್ಸಾದ ಮೇಲೆ ಕಲಿತರೆ ಕಾಲು ಪಳಗೋದಿಲ್ಲ.”

ಮೇಸ್ತ್ರಿಯ ಮಾತಿಗೆ ಎದುರಾಡುವಷ್ಟು ಎಂಜಿನ್ ತಿಳಿದವರು ಆ ಮನೆಯಲ್ಲಿ ಇರಲಿಲ್ಲ. ಬೀಗಿತ್ತಿಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಆಕೆಯ ಮುಖಕ್ಕೆ ಮೆಲ್ಲಗೆ ಕೆಂಪೇರಿತು. ಹೌದಾ, ನನಗೆ ಗೊತ್ತೇ ಆಗಲಿಲ್ಲ, ನಿಮಗೆಲ್ಲ ಸುಮ್ಮನೆ ತೊಂದರೆ ಕೊಟ್ಟೆ ಎಂದಷ್ಟೇ ಹೇಳಿ, ಬಡಿಸಿದ್ದನ್ನು ಬಿಡದೆ ತಿಂದು, ಎದ್ದು ಹೋಗಿ ತಟ್ಟೆ ತೊಳೆದಿಟ್ಟರು. ಮೇಸ್ತ್ರಿ ಎರಡನೆಯ ಸಲ ಬಡಿಸಿಕೊಂಡ. ಮಾನ ಉಳಿಯಿತು ಎಂದುಕೊಂಡ.

ಅಂದಿನಿಂದ ಬೀಗಿತ್ತಿ ಕಾರು ಮುಟ್ಟಲಿಲ್ಲ. ಕೀಯನ್ನು ಮಗನ ಕೈಗೆ ಕೊಟ್ಟುಬಿಟ್ಟರು. ಅಕ್ಕನನ್ನು ನೋಡಲು ಬಸ್ಸಿನಲ್ಲಿ ಹೋದರು, ಒಂದು ಸಲ ಬಸ್ಸಿನಿಂದ ಇಳಿಯುವಾಗ ಮಂಡಿ ತರಚಿಕೊಂಡು ಬಂದರು, ಆಮೇಲೆ ಹೋಗುವುದೇ ಅಪರೂಪವಾಯಿತು. ಮಗ ಬಿಡುವಾದಾಗ ಕರೆದುಕೊಂಡು ಹೋಗುತ್ತಿದ್ದ, ಅವನಿಗೆ ಬಿಡುವು ಎಲ್ಲಿಂದ ಬರಬೇಕು? ಅತ್ತೆ ಈಗೀಗ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಾರೆ, ಕರೆದರೂ ಬೇಗ ಏಳುವುದಿಲ್ಲ ಎಂದು ಮಗಳು ತಾಯಿಯ ಹತ್ತಿರ ಹೇಳಿಕೊಂಡಳು, ತಾಯಿ ಮೇಸ್ತ್ರಿಗೆ ಹೇಳಿದಳು. ಅದನ್ನು ಕೇಳಿದಾಗ ಅವನಿಗೆ ಮೊದಲು ಆದದ್ದು ಏನು ಗೊತ್ತೇ? ನಿರಾಳ. ಕಾರು ಓಡದಿದ್ದರೆ ದೀಪ ಎಲ್ಲಿಂದ ಹೊತ್ತೀತು! ಹಾಗೆ ಅನ್ನಿಸಿದ ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ನಿರಾಳವಾದದ್ದು ಸುಳ್ಳಲ್ಲ.

ಕೆಲವು ತಿಂಗಳಲ್ಲಿ ಅಳಿಯ ಕಾರನ್ನು ಮಾರುವುದೆಂದು ನಿಶ್ಚಯಿಸಿದ. ಕೊಳ್ಳುವವನು ನೋಡಲು ಬರುತ್ತಾನೆ, ಒಂದು ಸಲ ತಯಾರು ಮಾಡಿಕೊಡಿ ಮಾವ, ಎಂದು ಗ್ಯಾರೇಜಿಗೆ ತಂದು ಬಿಟ್ಟುಹೋದ. ಮೇಸ್ತ್ರಿ ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಧೂಳು ಒರೆಸುತ್ತಿದ್ದ. ಆ ಹೊತ್ತಿಗೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಕಾರಿನ ಪಕ್ಕದಲ್ಲಿ ಹಾದುಹೋಗುತ್ತಿದ್ದವಳು ನಿಂತಳು.

“ಏನ್ರೀ ಅದು, ಹಾವು ಬುಸುಗುಟ್ಟಿದ ಹಾಗೆ?”

ಅವನು ಎಲ್ಲಿ ಎಂದ. ಅವಳು ಎಂಜಿನ್ನಿನ ಹಿಂಬದಿಗೆ ಬೆರಳು ತೋರಿಸಿದಳು. ಮೇಸ್ತ್ರಿ ಬಗ್ಗಿದ. ಕಿವಿಯನ್ನು ಸುಡುವಷ್ಟು ಹತ್ತಿರ ಒಯ್ದ. ಎಂಜಿನ್ನಿನ ಗುಡುಗುಡು ಬಿಟ್ಟು ಬೇರೇನೂ ಇಲ್ಲ. ಈಗಲೂ ಬರುತ್ತಿದೆಯಾ ಎಂದು ಕೇಳಿದ. ಬರುತ್ತಲೇ ಇದೆಯಲ್ಲ ಎಂದಳು, ಕೇಳಿಸುವುದಿಲ್ಲವೇ ಎಂದು ಮಾತ್ರ ಕೇಳಲಿಲ್ಲ. ಅವನು ಕೈ ಇಳಿಸಿ ಹಿಂದಿನ ಸಣ್ಣ ರಬ್ಬರ್ ಪೈಪಿನ ಅಡಿಯನ್ನು ಸವರಿಕೊಂಡು ಹೋದ. ಒಂದು ಕಡೆ ಬೆರಳ ತುದಿಯನ್ನು ಏನೋ ಚೀಪಿದ ಹಾಗಾಯಿತು. ಒತ್ತಿ ಹಿಡಿದ.

“ನಿಂತ್ಹೋಯ್ತು,” ಎಂದಳು ಹೆಂಡತಿ.

ಬೆರಳು ತೆಗೆದ.

“ಮತ್ತೆ ಬಂತು.”

ಪೈಪಿನ ಅಡಿಯಲ್ಲಿ ಉಗುರು ಹೋಗುವಷ್ಟು ಸೀಳಿತ್ತು. ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಕಳ್ಳನ ಹಾಗೆ ಒಳಗೆ ನುಗ್ಗುತ್ತಿತ್ತು, ದೀಪ ಅದನ್ನೇ ಬಾರಿ ಬಾರಿ ಹೇಳುತ್ತಿತ್ತು. ಕಲಿಯಲು ಬಂದ ಹೊಸಬನಿಗೂ ಮೊದಲ ದಿನವೇ ಕೇಳಿಸುವ ಸದ್ದು. ಎದುರುಗಡೆಯವರು ಹೊಗೆ ಬಿಟ್ಟಿದ್ದರೆ ಚಹಾ ಕುಡಿದು ಮುಗಿಸುವುದರೊಳಗೆ ಹಿಡಿಯುತ್ತಿದ್ದರು. ಸೀಳಿನ ಅಂಚು ಧೂಳು ಕುಡಿದು ಕಪ್ಪಗಾಗಿತ್ತು, ಹಳೆಯದೆಂದು ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಅವತ್ತು ನೀವು ಬೀಗಿತ್ತಿಯ ಕಾಲಿನ ತಪ್ಪು ಎಂದಿರಲ್ಲ ಎಂದು ಹೆಂಡತಿ ಮೆತ್ತಗೆ ಕೇಳಿದಳು. ಮೇಸ್ತ್ರಿ ಅವಳ ಮುಖ ನೋಡದೆ, ಇದು ಈಚೆಗೆ ಸೀಳಿದ್ದು, ನಿಂತಲ್ಲೇ ನಿಂತರೆ ರಬ್ಬರು ಒಣಗಿ ಸೀಳುತ್ತದೆ ಎಂದ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ಅವನು ಡಬ್ಬಿ ಬಿಚ್ಚಲಿಲ್ಲ.

ಹೊಸ ಪೈಪು ಹಾಕಿ ಊರ ಹೊರಗಿನ ತನಕ ಓಡಿಸಿಕೊಂಡು ಬಂದ. ದೀಪ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡ: ಹೇಗೂ ಮಾರುತ್ತಿದ್ದಾರೆ, ಒಂದು ಸಣ್ಣ ಭಾಗ ಹೋಗಿತ್ತು ಬದಲಿಸಿದೆ ಎಂದರೆ ಮುಗಿಯಿತು, ಯಾರು ಕೆದಕಿ ಕೇಳುತ್ತಾರೆ? ನಾಚಿಕೆ ಇತ್ತು, ಆದರೆ ಅದು ಒಳಗೇ ಇದ್ದರೆ ಸಾಕು, ಹೊರಗೆ ಯಾರಿಗೂ ಕಾಣುವುದು ಬೇಡ ಎಂಬುದೇ ಅವನ ಲೆಕ್ಕಾಚಾರವಾಗಿತ್ತು.

ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಕಾರು ತಲುಪಿಸಲು ಹೋದ. ಬೀಗಿತ್ತಿ ಬಾಗಿಲಿಗೆ ಬಂದು ಕಾರಿನ ಸುತ್ತ ಒಂದು ಸುತ್ತು ಬಂದರು. ಸೊರಗಿದ್ದರು. ಆಮೇಲೆ ಮೇಸ್ತ್ರಿಯ ಎದುರು ಸರಿಯಾಗಿ ನಿಂತು, ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು, “ಬೀಗರೇ, ಕೊಡೋಕೆ ಮುಂಚೆ ಒಂದೇ ಒಂದ್ಸಲ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನನ್ನ ಕಾಲು ಎಲ್ಲಿ ತಪ್ಪುತ್ತೆ ಅಂತ ತೋರಿಸಿ. ತಪ್ಪು ಏನು ಅಂತ ಗೊತ್ತಾಗ್ದೇ ಬಿಟ್ಟುಬಿಡೋಕೆ ನನಗೆ ಆಗ್ತಿಲ್ಲ.”

ಮೇಸ್ತ್ರಿ ಇಲ್ಲ ಎನ್ನಲು ಒಂದು ನೆಪ ಹುಡುಕಿದ, ಸಿಗಲಿಲ್ಲ. ಕೂತ. ಬೀಗಿತ್ತಿ ಸೀಟು ಸರಿಮಾಡಿಕೊಂಡು, ಕನ್ನಡಿ ಸರಿಮಾಡಿಕೊಂಡು ಹೊರಟರು. ಮೊದಲನೆಯ ಗೇರು, ಎರಡನೆಯದು. ಪ್ರತಿ ಸಲವೂ ಎಡಗಾಲನ್ನು ಕ್ಲಚ್ಚಿನಿಂದ ಎತ್ತಿ ಪಕ್ಕಕ್ಕಿಟ್ಟು, ಈಗ ಸರಿಯಾ ಎಂದು ಕೇಳಿದರು. ಸರಿ ಎಂದ. ಸ್ವಲ್ಪ ದೂರ ಹೋಗಿ, ಈಗ ಎಂದು ಕೇಳಿದರು. ಸರಿ ಎಂದ. ಆ ಕಾಲು ಮೊದಲೂ ತಪ್ಪಿರಲಿಲ್ಲ. ಕಾರು ತೋರಿಸಲು ಬಂದಾಗಲೆಲ್ಲ ಆಕೆ ಗ್ಯಾರೇಜಿನ ಇಕ್ಕಟ್ಟಿನ ಬಾಗಿಲಲ್ಲಿ ಒಂದು ಕೂದಲೆಳೆ ತಾಕದಂತೆ ಒಳಗೆ ತಂದು ನಿಲ್ಲಿಸುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದ. ಈಗ ಅದೇ ಹೆಂಗಸು ರಸ್ತೆ ನೋಡುವುದು ಬಿಟ್ಟು ತನ್ನ ಕಾಲನ್ನೇ ನೋಡಿಕೊಂಡು ಓಡಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ಕಾರು ಜರ್ಕು ಹೊಡೆದು ನಿಂತುಹೋಯಿತು. ಹಿಂದಿನಿಂದ ಲಾರಿಗಳು ಹಾರ್ನ್ ಬಾರಿಸಿದವು. ಆಕೆ ಎರಡನೆಯ ಸಲ ಕೀ ತಿರುಗಿಸಿದಾಗ ಎಂಜಿನ್ ಚಾಲೂ ಆಯಿತು.

“ನೋಡಿದ್ರಾ, ನೀವು ಹೇಳಿದ್ದು ನಿಜ,” ಎಂದರು. “ನನ್ನ ಕಾಲು ಪಳಗೋದಿಲ್ಲ.”

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. ಸಿಗ್ನಲ್ ದಾಟಿ ಕಾರು ಬದಿಗೆ ನಿಂತ ಮೇಲೆ, ಮುಂದಿನ ಗಾಜನ್ನು ನೋಡುತ್ತಾ ಹೇಳಿದ, “ನಿಮ್ಮ ಕಾಲಿಂದು ಏನೂ ಇಲ್ಲ ಬೀಗರೇ. ಯಾವತ್ತೂ ಇರಲಿಲ್ಲ. ಒಂದು ಪೈಪು ಸೀಳಿತ್ತು, ಗಾಳಿ ಎಳೀತಿತ್ತು. ಆ ಸದ್ದು ನನಗೆ ಕೇಳಿಸ್ಲಿಲ್ಲ. ನನ್ನ ಕಿವಿ ಹೋಗಿದೆ. ಅದನ್ನ ಹೇಳೋಕಾಗ್ದೆ ನಿಮ್ಮ ಮೇಲೆ ಹಾಕಿದೆ.”

ಬೀಗಿತ್ತಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದರು. ಬೈಯಲಿ ಎಂದು ಅವನು ಕಾದ. ಬೈದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಅವನ ಕಡೆ ಪೂರ್ತಿ ತಿರುಗಿ, ಅವನು ತನ್ನ ಮುಖ ನೋಡುವ ತನಕ ಕಾದು ಹೇಳಿದರು, “ಅವತ್ತು ಎಲ್ಲರ ಮುಂದೆ ಹೇಳಿದ್ರಿ. ಇದನ್ನೂ ಎಲ್ಲರ ಮುಂದೆ ಹೇಳಿ.”

ವಾಪಸು ಬರುವಾಗ ಆಕೆ ಒಂದು ಸಲವೂ ಕಾಲು ನೋಡಿಕೊಳ್ಳಲಿಲ್ಲ. ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ಮೇಸ್ತ್ರಿಗೆ ಮಾತ್ರ ಮನೆ ಇಷ್ಟು ಬೇಗ ಬಂತಲ್ಲ ಎನಿಸಿತು. ಇಳಿದ ಮೇಲೆ ಆಕೆ ಕೀಯನ್ನು ಮತ್ತೆ ಮಗನ ಕೈಗೇ ಕೊಟ್ಟರು.

ಅದೇ ಮೇಜು, ಅವೇ ತಟ್ಟೆಗಳು. ಮೇಸ್ತ್ರಿ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದ. ಕಾರಿನಲ್ಲಿ ಹೇಳಿದಷ್ಟು ಸಲೀಸಾಗಿ ಬರಲಿಲ್ಲ, ಮಾತು ಮಧ್ಯೆ ಮಧ್ಯೆ ಮುರಿಯಿತು. ಪೈಪಿನ ವಿಷಯ ಹೇಳಿದ. ಸುಮ್ಮನೆ ದೀಪ ಅಳಿಸಿ ಕಳಿಸುತ್ತಿದ್ದುದನ್ನೂ ಹೇಳಿದ, ಅದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ, ನನಗೆ ಸರಿಯಾಗಿ ಕಿವಿ ಕೇಳಿಸುವುದಿಲ್ಲ ಎಂದ. ಎಲ್ಲರೂ ಬೆಚ್ಚಿಬೀಳುತ್ತಾರೆ, ಅಯ್ಯೋ ಯಾವಾಗಿನಿಂದ ಎನ್ನುತ್ತಾರೆ, ಮಗಳಾದರೂ ಅಪ್ಪಾ ಎಂದು ಎದ್ದು ಬರುತ್ತಾಳೆ ಎಂದುಕೊಂಡಿದ್ದ.

ಯಾರೂ ಬೆಚ್ಚಿಬೀಳಲಿಲ್ಲ. ಅಳಿಯ ತಟ್ಟೆ ನೋಡುತ್ತಿದ್ದ. ಮಗಳು ಕಣ್ಣೊರೆಸಿಕೊಂಡಳು.

“ನಮಗೆಲ್ಲ ಗೊತ್ತು ಕಣ್ರೀ,” ಎಂದಳು ಹೆಂಡತಿ. “ನೀವಾಗೇ ಹೇಳೋ ತನಕ ಯಾರೂ ಆ ಮಾತು ಎತ್ತಬಾರದು ಅಂದ್ಕೊಂಡಿದ್ವಿ.”

ಆಗ ಅವನಿಗೆ ಒಂದೊಂದೇ ಹೊಳೆಯಿತು. ಮಗಳು ಈಚೆಗೆ ತನ್ನೆದುರು ಬಂದು ನಿಂತೇ ಮಾತಾಡುವುದು, ಬೆನ್ನ ಹಿಂದಿನಿಂದ ಎಂದೂ ಕರೆಯದಿರುವುದು. ಅಳಿಯ ತನಗೆ ಫೋನ್ ಮಾಡದೆ ಅತ್ತೆಗೇ ಮಾಡುವುದು. ಗಿರಾಕಿ ಹೇಳಿದ್ದನ್ನು ಹೆಂಡತಿ ಏನೋ ತನಗೇ ಹೇಳಿಕೊಂಡವಳ ಹಾಗೆ ಜೋರಾಗಿ ಇನ್ನೊಂದು ಸಲ ಹೇಳುವುದು. ಇವರೆಲ್ಲ ಸೇರಿ ತನ್ನ ಮಾನವನ್ನು ತನಗೇ ಗೊತ್ತಾಗದಂತೆ ಕಾಯುತ್ತಿದ್ದರು. ಅವನು ತಲೆ ತಿರುಗಿಸಿ ಬೀಗಿತ್ತಿಯ ಕಡೆ ನೋಡಿದ. ನಿಮಗೂ ಗೊತ್ತಿತ್ತಾ ಎಂದು ಬಾಯಿಬಿಟ್ಟು ಕೇಳಲಾಗಲಿಲ್ಲ.

“ಮದುವೆ ಮಾತುಕತೆಗೆ ಬಂದಿದ್ರಲ್ಲ, ಅವತ್ತೇ ಗೊತ್ತಾಯ್ತು,” ಎಂದರು ಆಕೆ. “ನೀವು ತುಟಿ ನೋಡ್ತಿದ್ರಿ. ವಾರ್ಡಲ್ಲಿ ಅಂಥವರನ್ನ ತುಂಬ ನೋಡಿದ್ದೀನಿ. ಗೊತ್ತಿದ್ದೂ ಕಾರನ್ನ ನಿಮ್ಮ ಹತ್ರಾನೇ ತರ್ತಿದ್ದೆ. ಬೀಗರ ಕಾರೇ ಬೇರೆ ಗ್ಯಾರೇಜಿಗೆ ಹೋದ್ರೆ ನಿಮ್ಮ ಮರ್ಯಾದೆ ಏನಾಗುತ್ತೆ ಅಂತ.”

ಆಕೆ ಎದ್ದು ಮಗನ ಮುಂದೆ ಕೈ ಚಾಚಿದರು. ಅವನು ಜೇಬಿನಿಂದ ಕೀ ತೆಗೆದು ಕೊಟ್ಟ. ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತರು.

“ನಿಮಗೆ ಕೇಳಿಸೋಲ್ಲ ಅಂತ ಗೊತ್ತಿತ್ತು ಬೀಗರೇ. ಸುಳ್ಳು ಹೇಳ್ತೀರಿ ಅಂತ ಗೊತ್ತಿರಲಿಲ್ಲ.”

ಮೇಸ್ತ್ರಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ. ಕೂರಿ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಕೂರುವ ಮುಖ ಅವನಿಗಿರಲಿಲ್ಲ. ಕಾರು ಅಕ್ಕನ ಮನೆಯ ಕಡೆ ಹೊರಟದ್ದು ಅವನಿಗೆ ಗೊತ್ತಾದದ್ದು, ಹೆಂಡತಿ ಅವನ ತೋಳು ಮುಟ್ಟಿ, ಹೋದರು, ಎಂದು ಹೇಳಿದ ಮೇಲೆ.